ಬೇಸಿಗೆಯ ಸಂಶೋಧನಾ ಇಂಟರ್ನ್‌ಶಿಪ್: ಹೋಗುವ ಮೊದಲು ಏನು ಕಲಿಯಲಿ?

ಪ್ರಶ್ನೆ: ಕಲಬುರಗಿಯಲ್ಲಿ ಮೆಕ್ಯಾನಿಕಲ್ ಮೂರನೆಯ ವರ್ಷ ಓದುತ್ತಿದ್ದೇನೆ. ಯಂತ್ರಭಾಗಗಳು ಎಷ್ಟು ಭಾರ ತಾಳುತ್ತವೆ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ತಯಾರಿಸುವ ಪುಣೆಯ ಕಂಪನಿಯೊಂದರ ಸಂಶೋಧನಾ ವಿಭಾಗದಲ್ಲಿ ಎರಡು ತಿಂಗಳ ಅವಕಾಶ ಸಿಕ್ಕಿದೆ. ಲ್ಯಾಬಿನಲ್ಲಿ ಕಲಿತದ್ದು ಬಟನ್ ಒತ್ತುವುದಷ್ಟೇ. ಏನು ಸಿದ್ಧತೆ ಮಾಡಿಕೊಳ್ಳಲಿ? ಒಬ್ಬಳನ್ನೇ ಕಳಿಸಲು ಅಪ್ಪ ಹಿಂಜರಿಯುತ್ತಿದ್ದಾರೆ.

ಇದೇ ಕ್ಷೇತ್ರದಲ್ಲಿರುವ ಹಿರಿಯ ವಿದ್ಯಾರ್ಥಿ: ತಂಗಿ, ಅಲ್ಲಿ ಸಾಫ್ಟ್‌ವೇರ್ ಬಳಸುವುದಕ್ಕಿಂತ ಅದು ಕೊಟ್ಟ ಉತ್ತರ ಸರಿಯೇ ಎಂದು ಪರೀಕ್ಷಿಸುವ ಕೆಲಸವೇ ಹೆಚ್ಚು. ನನಗೆ ಮೊದಲು ಕೊಟ್ಟದ್ದು ಒಂದು ಸಾದಾ ಕ್ಯಾಂಟಿಲಿವರ್ ತೊಲೆ, ಅಂದರೆ ಒಂದೇ ತುದಿ ಗೋಡೆಗೆ ಬಿಗಿದ ತೊಲೆ. ಉದ್ದ ಇಮ್ಮಡಿಯಾದರೆ ತುದಿಯಲ್ಲಿಟ್ಟ ಅದೇ ಭಾರಕ್ಕೆ ಆ ತುದಿ ಎಂಟು ಪಟ್ಟು ಬಾಗಬೇಕು. ಸಾಫ್ಟ್‌ವೇರ್ ಲೆಕ್ಕಕ್ಕಾಗಿ ತೊಲೆಯನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆಯುತ್ತದೆ; ದಪ್ಪದ ದಿಕ್ಕಿನಲ್ಲಿ ಸಾಮಾನ್ಯ ರೇಖೀಯ (ಅಂಚು ಬಾಗದ) ಎಲಿಮೆಂಟ್ ಒಂದನ್ನೇ ಇಟ್ಟರೆ ತೊಲೆ ಇರುವುದಕ್ಕಿಂತ ಬಹಳ ಗಟ್ಟಿಯಾಗಿ ಕಾಣುತ್ತದೆ. ಯಾಕೆ ಎಂದು ಕೇಳಿದರೆ ಉತ್ತರಿಸಲು ಬರಬೇಕು. ಅಗಲವಾದ ತಗಡಿನಲ್ಲಿ ಸಣ್ಣ ರಂಧ್ರವಿದ್ದು ಎಳೆದರೆ ಅದರ ಅಂಚಿನಲ್ಲಿ ಒತ್ತಡ (ಸ್ಟ್ರೆಸ್) ಸುಮಾರು ಮೂರು ಪಟ್ಟಾಗುತ್ತದೆ. ಇದನ್ನೂ ಕೈಯಲ್ಲೇ ಲೆಕ್ಕ ಮಾಡಿ, ಆಮೇಲೆ ಮೆಶ್, ಅಂದರೆ ಆ ತುಂಡುಗಳ ಜಾಲ, ಸಣ್ಣದು ಮಾಡುತ್ತ ಹೋಗಿ ಉತ್ತರ ಎಲ್ಲಿ ನಿಲ್ಲುತ್ತದೆ ನೋಡು. ಒಳಮೂಲೆ ಚೂಪಾಗಿದ್ದರೆ ಅದು ನಿಲ್ಲುವುದೇ ಇಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ಸಾಫ್ಟ್‌ವೇರ್ ತೋರಿಸುವ ಬಣ್ಣದ ಚಿತ್ರ ನೋಡಿ ನಂಬುವವರು ಇಲ್ಲೇ ಎಡವುತ್ತಾರೆ. ಕೋಡಿಂಗ್ ಬಗ್ಗೆ ಅಷ್ಟು ಚಿಂತೆ ಬೇಡ.

ಶಹಾಬಾದಿನಿಂದ: ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಪರೀಕ್ಷೆಯನ್ನು ನೂರಾರು ಬಗೆಯಲ್ಲಿ ಓಡಿಸಬೇಕಾದಾಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇಲ್ಲದೆ ನಡೆಯುವುದಿಲ್ಲ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಬಳಕೆಯನ್ನೂ ಕಲಿತುಕೊಳ್ಳಿ. ಸಾಫ್ಟ್‌ವೇರ್ ಲೈಸೆನ್ಸ್ ಇಲ್ಲವೆಂದು ಕೂರಬೇಡಿ: ಇಂಥದೇ ಲೆಕ್ಕ ಹಾಕುವ ಕ್ಯಾಲ್ಕ್ಯುಲಿಕ್ಸ್ ಉಚಿತ, ಅದರ ಇನ್‌ಪುಟ್ ಫೈಲು ಕಂಪನಿಗಳು ಹಣ ಕೊಟ್ಟು ಬಳಸುವ ಅಬಾಕಸ್‌ನದನ್ನು ಬಹುಮಟ್ಟಿಗೆ ಹೋಲುತ್ತದೆ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಆನ್ಸಿಸ್‌ನ ವಿದ್ಯಾರ್ಥಿ ಆವೃತ್ತಿಗೂ ಹಣ ಕೊಡಬೇಕಿಲ್ಲ. ಮಾದರಿಯ ಗಾತ್ರಕ್ಕೆ ಮಿತಿ ಇದೆ, ಆದರೆ ಅಭ್ಯಾಸಕ್ಕೆ ಧಾರಾಳ ಸಾಕು.

ಕಾಲೇಜು ಉಪನ್ಯಾಸಕಿ: ಗೋಪ್ಯತಾ ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಪೂರ್ತಿ ಓದಿ. ನಮ್ಮ ವಿದ್ಯಾರ್ಥಿಯೊಬ್ಬ ಒಳ್ಳೆಯ ಕೆಲಸ ಮಾಡಿ ಬಂದ, ಆದರೆ ಒಂದು ಗ್ರಾಫನ್ನೂ ವರದಿಯಲ್ಲಿ ಹಾಕಲು ಕಂಪನಿ ಬಿಡಲಿಲ್ಲ. ಮೌಲ್ಯಮಾಪನದ ದಿನ ಅವನು ಬರಿಗೈಯಲ್ಲಿ ನಿಂತದ್ದು ನನಗೆ ಈಗಲೂ ನೋವು ಕೊಡುತ್ತದೆ. ಕಾಲೇಜಿನ ವರದಿಗೆ ಏನೇನು ಬಳಸಬಹುದು ಎಂದು ಮೊದಲ ವಾರವೇ ಮಾರ್ಗದರ್ಶಕರಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಪಠ್ಯಪುಸ್ತಕದ ಸಮಸ್ಯೆಗಳ ಮೇಲೆ ಮಾಡಿದ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಒಪ್ಪಿಗೆ ಸಿಗುತ್ತದೆ. ಸೋತ ಪ್ರಯತ್ನಗಳನ್ನೂ ದಿನಾಂಕ ಹಾಕಿ ಬರೆದಿಡಿ, ಸಂಶೋಧನೆಯಲ್ಲಿ ಅವಕ್ಕೂ ಬೆಲೆಯಿದೆ.

ಬೀದರಿನ ತಾಯಿಯೊಬ್ಬರು: ಅವ್ವಾ, ನನ್ನ ಮಗಳೂ ಹೀಗೆಯೇ ಪುಣೆಗೆ ಹೋಗಿದ್ದಳು, ಅಪ್ಪನ ಆತಂಕ ನನಗೆ ಅರ್ಥವಾಗುತ್ತದೆ. ನಿಮ್ಮ ಊರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಸೊಲ್ಲಾಪುರದ ಮೇಲೆ ನೇರವಾಗಿ ಪುಣೆಗೆ ಹೋಗುತ್ತದೆ. ಮೊದಲ ಸಲ ಅವರನ್ನೂ ಕರೆದುಕೊಂಡು ಹೋಗು. ಉಳಿಯುವ ಕೋಣೆ, ಕಚೇರಿಯ ದಾರಿ ಎರಡನ್ನೂ ಅವರೇ ನೋಡಲಿ. ಪಿ.ಜಿ.ಯಲ್ಲಿ ಮುಂಗಡ ಕೊಡುವ ಮೊದಲು, ಎರಡೇ ತಿಂಗಳಿಗೆ ಖಾಲಿ ಮಾಡಿದರೆ ಎಷ್ಟು ವಾಪಸು ಬರುತ್ತದೆ ಎಂದು ಕೇಳಿ ಬರೆಸಿಕೊ.