ಅಪ್‌ಡೇಟ್: ಮಳೆಮಾಪಕದ ಟಾಸ್ಕ್ ‘ಸಸ್ಪೆಂಡೆಡ್’ ಅಂತ ತೋರಿಸುತ್ತಿದ್ದದ್ದು

ತೀರ್ಥಹಳ್ಳಿ ಹತ್ತಿರದ ತೋಟದ ಮಳೆಮಾಪಕದಲ್ಲಿ ಫ್ರೀಆರ್‌ಟಿಓಎಸ್ (ಚಿಕ್ಕ ಸಾಧನಗಳ ಆಪರೇಟಿಂಗ್ ಸಿಸ್ಟಮ್) ನಡೆಸುವ ಕೆಲಸ, ಅಂದರೆ ಟಾಸ್ಕ್, ಒಂದು ನಿಂತುಬಿಟ್ಟಿದೆ, ಯಾರೂ ಸಸ್ಪೆಂಡ್ ಮಾಡದಿದ್ದರೂ ಡೀಬಗರ್ (ದೋಷ ಹುಡುಕುವ ಸಾಧನ) ‘ಸಸ್ಪೆಂಡೆಡ್’, ಅಂದರೆ ತಡೆಹಿಡಿಯಲಾಗಿದೆ, ಅನ್ನುತ್ತಿದೆ ಅಂತ ಕೇಳಿದ್ದೆ. ಸರಿಹೋಯಿತು!

ಸ್ಟ್ಯಾಕ್ (ಟಾಸ್ಕ್‌ಗೆ ಕೊಟ್ಟ ಮೆಮೊರಿ) ಹೆಚ್ಚಿಸಿದೆ, ಪ್ರಯಾರಿಟಿ ಏರಿಸಿದೆ, ಏನೂ ಆಗಲಿಲ್ಲ. ಸುಮ್ನೆ ಕಾಯುತ್ತಾ ಕೂತ ಟಾಸ್ಕ್‌ಗೆ ಪ್ರಯಾರಿಟಿ ಕೊಟ್ಟು ಏನು ಪ್ರಯೋಜನ, ಅಲ್ವಾ? ವಿಟಾಸ್ಕ್‌ಲಿಸ್ಟ್ (ಎಲ್ಲ ಟಾಸ್ಕ್‌ಗಳ ಸ್ಥಿತಿ ಕೊಡುವ ಫಂಕ್ಷನ್) ಪ್ರಿಂಟ್ ಮಾಡಿ ಅಂದವರಿಗೆ ಥ್ಯಾಂಕ್ಸ್. ಅದರಲ್ಲಿ ‘ಬಿ’, ಅಂದರೆ ಬ್ಲಾಕ್ಡ್ (ಯಾವುದಕ್ಕೋ ಕಾಯುತ್ತಿದೆ) ಅಂತ ಬಂತು.

ಸಸ್ಪೆಂಡ್ ಸೌಲಭ್ಯ ಆನ್ ಇದ್ದರೆ, ಪೋರ್ಟ್‌ಮ್ಯಾಕ್ಸ್‌ಡಿಲೇ (ಎಷ್ಟು ಹೊತ್ತಾದರೂ ಕಾಯಿ ಅನ್ನುವ ಮೌಲ್ಯ) ಕೊಟ್ಟು ಸೆಮಫೋರ್‌ಗೆ, ಅಂದರೆ ಮುಂದುವರಿ ಅನ್ನುವ ಸಂಕೇತಕ್ಕೆ, ಕಾಯುವ ಟಾಸ್ಕ್‌ಗೆ ಟೈಮ್‌ಔಟ್ (ಕಾಯುವ ಗಡುವು) ಇರುವುದಿಲ್ಲ. ಕರ್ನಲ್ (ಫ್ರೀಆರ್‌ಟಿಓಎಸ್‌ನ ತಿರುಳು) ಅಂಥ ಟಾಸ್ಕನ್ನು ಸಸ್ಪೆಂಡೆಡ್ ಪಟ್ಟಿಯಲ್ಲೇ ಇಡುತ್ತದಂತೆ! ನನ್ನ ಡೀಬಗರ್ ಆ ಪಟ್ಟಿಯನ್ನಷ್ಟೇ ಓದುತ್ತಿತ್ತು. ವಿಟಾಸ್ಕ್‌ಲಿಸ್ಟ್ ಮಾತ್ರ ಟಾಸ್ಕ್ ಯಾವುದಕ್ಕಾದರೂ ಕಾಯುತ್ತಿದೆಯಾ ಅಂತಲೂ ನೋಡುತ್ತದೆ.

ಸೆಮಫೋರ್ ಯಾಕೆ ಬರಲಿಲ್ಲ ಅಂದರೆ, ಅದನ್ನು ಕೊಡಬೇಕಾದ ಇಂಟರಪ್ಟೇ (ಬಕೆಟ್ ಮಗುಚಿದಾಗ ಬರುವ ಸಿಗ್ನಲ್) ಬರುತ್ತಿರಲಿಲ್ಲ. ಮಾಪಕದೊಳಗೆ ಜೇಡ ಬಲೆ ಕಟ್ಟಿ, ಮಳೆನೀರು ತುಂಬಿದಾಗ ಮಗುಚುವ ಪುಟ್ಟ ಬಕೆಟ್ ಮಗುಚದಂತೆ ಮಾಡಿತ್ತು. ಈಗ ಟೈಮ್‌ಔಟ್ ಹಾಕಿದ್ದೇನೆ, ಅಷ್ಟರಲ್ಲಿ ಬಕೆಟ್‌ನ ಪಲ್ಸ್ (ಸಿಗ್ನಲ್) ಬರದಿದ್ದರೆ ಮೆಸೇಜ್ ಬರುತ್ತದೆ. ಬೇಸಿಗೆಗೆ ಆ ಟೈಮ್‌ಔಟ್ ಜಾಸ್ತಿ ಮಾಡಬೇಕು.