ಪದಚರ್ಚೆ: ‘ಶೇಡ್ ಗಾರ್ಡನ್’, ‘ಆಟಮ್’ ಮತ್ತು ಹೋಸ್ಟದ ಹಣ್ಣೆಲೆ

ಪ್ರಶ್ನೆ:

ಬಲ್ಲವರಿಗೆ ನಮಸ್ಕಾರ. ತೋಟಗಾರಿಕೆಯ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ಓದುವವರು ಹೆಚ್ಚಾಗಿ ದಾವಣಗೆರೆ, ಚಿತ್ರದುರ್ಗದ ಕಡೆಯವರು. ಚಳಿದೇಶಗಳಲ್ಲಿ ಮರದ ಕೆಳಗೆ ಬೆಳೆಸುವ ಹೋಸ್ಟ ಎಂಬ ಎಲೆಗಿಡ, ಬೇಸಿಗೆ ಕಳೆದ ಮೇಲೆ ಅದರ ಚೆಲುವು, ಆಗ ಮಾಡಬೇಕಾದ ಕೆಲಸ, ಇಷ್ಟು ವಿಷಯ. ಪದಗಳು ನಾಲ್ಕು ಕಡೆ ತೊಡಕಾಗಿವೆ. ‘ಶೇಡ್ ಗಾರ್ಡನ್’ಗೆ ‘ನೆರಳಿನ ತೋಟ’ ಸಾಕೇ? ‘ಆಟಮ್’ಗೆ ನಿಘಂಟಿನಲ್ಲಿ ಶರದೃತು ಎಂದಿದೆ, ಹಾಗೇ ಬರೆಯಬಹುದೇ? ಗಿಡಕ್ಕೆ ‘ಪ್ಲಾಂಟೇನ್ ಲಿಲಿ’ ಎಂಬ ಹೆಸರೂ ಇದೆ, ‘ಬಾಳೆ ಲಿಲ್ಲಿ’ ಎನ್ನೋಣವೇ? ಎಲೆಯೆಲ್ಲ ಹಳದಿಯಾಗಿ ನೆಲಕ್ಕೊರಗಿ ಬುಡವಷ್ಟೇ ಉಳಿಯುವುದಕ್ಕೆ ‘ಡೈ ಬ್ಯಾಕ್’ ಎಂದಿದೆ. ಕರಡಿನಲ್ಲಿ ‘ಹಿಂದಕ್ಕೆ ಸಾಯುತ್ತದೆ’ ಎಂದು ಬಂದಿದೆ. ಅದು ಕನ್ನಡವಲ್ಲ. ಆದರೆ ಕನ್ನಡ ಯಾವುದು?

ಉತ್ತರ:

ಮೇಡಂ, ಮೊದಲು ‘ಬಾಳೆ ಲಿಲ್ಲಿ’ಯನ್ನು ಹೊಡೆದುಹಾಕಿ. ಆ ‘ಪ್ಲಾಂಟೇನ್’ ಬಾಳೆಯಲ್ಲ. ಪ್ಲಾಂಟಾಗೊ ಎಂಬ ಸಣ್ಣ ಕಳೆಗಿಡ, ನಮ್ಮ ಅಂಗಡಿಗಳಲ್ಲಿ ಸಿಗುವ ಇಸಬಗೋಲಿನ ಕುಲ. ಎಲೆಯ ಹೋಲಿಕೆಯಿಂದ ಬಂದ ಹೆಸರು. ಲಿಲ್ಲಿಯೂ ಈಗ ಸಲ್ಲದು. ಹಿಂದೆ ಲಿಲ್ಲಿ ಕುಟುಂಬದಲ್ಲಿಟ್ಟಿದ್ದ ಹೋಸ್ಟವನ್ನು ಈಗ ಶತಾವರಿ ಕುಟುಂಬಕ್ಕೆ ಸೇರಿಸಿದ್ದಾರೆ. ಆ ಕುಟುಂಬದೊಳಗೆ ಅದರ ಹತ್ತಿರದ ನೆಂಟರು ಕತ್ತಾಳೆ ಮತ್ತು ಸುಗಂಧರಾಜ. ಚಿತ್ರದುರ್ಗದ ಕಲ್ಲುಬದುವಿನ ಮೇಲೆ ಉರಿಬಿಸಿಲಿಗೆ ನಿಲ್ಲುವ ಕತ್ತಾಳೆಗೂ ನೆರಳು ಬಿಟ್ಟು ಬಾಳದ ಈ ಗಿಡಕ್ಕೂ ನಂಟು ಎಂಬುದನ್ನು ಓದುಗರಿಗೆ ಒಂದು ಸಾಲಿನಲ್ಲಾದರೂ ತಿಳಿಸಿ.

ಹೆಸರನ್ನು ಹೋಸ್ಟ ಎಂದೇ ಇಡಿ. ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ನಿಕೊಲಾಸ್ ಥಾಮಸ್ ಹೋಸ್ಟ್ ಅವರ ಹೆಸರಿನಿಂದ 1812ರಲ್ಲಿ ಅದೇ ದೇಶದ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಟ್ರಾಟಿನಿಕ್ ಕೊಟ್ಟ ಹೆಸರದು, ಆದ್ದರಿಂದ ‘ಹಾಸ್ಟಾ’ಕ್ಕಿಂತ ‘ಹೋಸ್ಟ’ ಮೇಲು. ಹೋಸ್ಟದ, ಹೋಸ್ಟಕ್ಕೆ ಎಂದು ವಿಭಕ್ತಿಯೂ ಸಲೀಸು. ಗಿಡದ ತವರು ಜಪಾನ್, ಕೊರಿಯಾ, ಚೀನಾ. ಜಪಾನಿನವರು ಗಿಬೋಶಿ ಅನ್ನುತ್ತಾರೆ: ಸೇತುವೆಯ ಕಟಕಟೆಯ ಕಂಬದ ತುದಿಗಿಡುವ ಈರುಳ್ಳಿಯಾಕಾರದ ಕಳಶ. ಚೀನಾದಲ್ಲಿ ಬಿಳಿಹೂವಿನ ಜಾತಿಗೆ ತುರುಬಿಗೆ ಸಿಕ್ಕಿಸುವ ಜೇಡ್ ಕಡ್ಡಿಯ ಹೆಸರು. ಇಬ್ಬರೂ ಮೊಗ್ಗು ನೋಡಿ ಕರೆದವರು. ಗಿಡ ನೋಡದ ನಾವು ಹೊಸ ಹೆಸರು ಕಟ್ಟುವುದು ಬೇಡ.

‘ನೆರಳಿನ ತೋಟ’ದ ತೊಡಕು ನೆರಳಿನಲ್ಲಿಲ್ಲ, ತೋಟದಲ್ಲಿದೆ. ಚನ್ನಗಿರಿ, ಹೊಳಲ್ಕೆರೆ ಕಡೆ ತೋಟ ಅಂದರೆ ಅಡಿಕೆ ತೋಟ, ತೆಂಗಿನ ತೋಟ. ‘ನೆರಳಿನ ತೋಟ’ ಅಂದಾಗ ಕೇಳಿದವರು ತಿಳಿಯುವುದು ನೆರಳು ಕೊಡುವ ತೋಟವನ್ನು. ಇಲ್ಲಿ ಬೇಕಾದದ್ದು ನೆರಳು ಪಡೆಯುವ ಗಿಡಗಳ ಜಾಗ. ಹೂ ಸೇರಿದರೆ ಹೂದೋಟ ಆಗುವಂತೆ ‘ನೆರಳ್ದೋಟ’ ಎಂದು ಸಂಧಿ ಮಾಡಬಹುದು, ವ್ಯಾಕರಣ ತಡೆಯುವುದಿಲ್ಲ. ಆದರೂ ಬಾಯಿಗೆ ಬರುವುದಿಲ್ಲ. ಹಳಗನ್ನಡದ ನೆೞಲ್ ನೆಳಲಾಗಿ, ನೆರಳಾಗಿ, ಈ ಕಡೆಯ ಮಾತಿನಲ್ಲಿ ‘ನೆಳ್ಳು’ ಆಗಿದೆ. ‘ಮರದ ನೆಳ್ಳಾಗಿನ ಗಿಡ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬರಹಕ್ಕೆ ‘ಮರದಡಿಯ ಕೈತೋಟ’ ಚೆನ್ನಾಗಿದೆ.

‘ಪಾರ್ಟ್ ಶೇಡ್’ ಬಂದಲ್ಲಿ ‘ಭಾಗಶಃ ನೆರಳು’ ಬರೆಯಬೇಡಿ. ಹೋಸ್ಟಕ್ಕೆ ಬೇಕಾದದ್ದು ಬೆಳಗಿನ ಎರಡು ಮೂರು ತಾಸಿನ ಎಳೆಬಿಸಿಲು, ಮಧ್ಯಾಹ್ನದ ಹೊತ್ತಿಗೆ ನೆರಳು. ಎಳೆಬಿಸಿಲು, ಉರಿಬಿಸಿಲು ಎಂಬ ಎರಡು ಪದದಲ್ಲೇ ಅಷ್ಟೂ ಹೇಳಿ ಮುಗಿಯುತ್ತದೆ. ಎಲೆಗಳ ಸಂದಿನಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಬೀಳುವುದಕ್ಕೆ ‘ಹೊಂಗೆ ನೆರಳಿನಂಥದ್ದು’ ಎಂದರೆ ಓದುಗರ ಕಣ್ಣಿಗೆ ಕಟ್ಟುತ್ತದೆ.

ಇನ್ನು ಶರದೃತು. ತಿಂಗಳು ಕೂಡುತ್ತದೆ, ಚಿತ್ರ ಕೂಡುವುದಿಲ್ಲ. ಶರತ್ತು ನಮಗೆ ಆಶ್ವಯುಜ, ಕಾರ್ತಿಕ. ಆಗ ಇಲ್ಲಿ ಹಸ್ತ, ಚಿತ್ತೆ, ಸ್ವಾತಿ ಮಳೆ. ಹಿಂಗಾರಿ ಜೋಳ, ಕಡಲೆ ಬಿತ್ತುವ ಹೊತ್ತು, ಬದುವೆಲ್ಲ ಹಸಿರು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಾಡು ಬೋಳಾಗುವುದು ಶಿಶಿರದಲ್ಲಿ. ‘ಶರದೃತುವಿನಲ್ಲಿ ಎಲೆ ಹಳದಿಯಾಗುತ್ತದೆ’ ಎಂದು ಓದಿದ ಇಲ್ಲಿನ ತೋಟಿಗರು ಬೇರಿಗೆ ನೀರು ನಿಂತಿದೆ ಅಂದುಕೊಂಡಾರು. ಹಾಗಾಗಿ ಶೀರ್ಷಿಕೆಯಲ್ಲಿ ‘ಎಲೆ ಹಣ್ಣಾಗುವ ಕಾಲ’, ಒಳಗೆ ‘ಅಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್’ ಎಂದು ಬರೆಯಿರಿ.

ಹಣ್ಣಾಗು ಎಂಬ ಕ್ರಿಯಾಪದವೇ ಈ ಲೇಖನದ ಜೀವ. ಎಲೆ ಕೆಡುವ ಒಂದೊಂದು ಬಗೆಗೂ ಕನ್ನಡದಲ್ಲಿ ಬೇರೆ ಮಾತಿದೆ. ಕರಡಿನಲ್ಲಿ ಎಲ್ಲದಕ್ಕೂ ‘ಒಣಗು’ ಹಾಕಿದ್ದರೆ ಕೆಲಸವೇ ತಪ್ಪುತ್ತದೆ. ಎಲೆ ನರಸಮೇತ ಬಂಗಾರದ ಬಣ್ಣಕ್ಕೆ ತಿರುಗಿದರೆ ಹಣ್ಣಾಗಿದೆ, ಮಾಡುವುದೇನೂ ಇಲ್ಲ, ನೋಡಿ ಸಂತೋಷಪಡಬೇಕು. ಅಂಚು ಮಾತ್ರ ಕಂದಿ ಕಾಗದದಂತೆ ಗರಗರ ಅಂದರೆ ಕಮರಿದೆ: ಬಿಸಿಲು ಹೆಚ್ಚಾಗಿದೆ ಇಲ್ಲವೇ ನೀರು ಕಡಿಮೆ, ವಾರಕ್ಕೆ 2.5 ಸೆಂಟಿಮೀಟರ್ ಮಳೆಯಷ್ಟು ನೀರು ಸಿಕ್ಕಿಲ್ಲ. ಎರಡು ನರಗಳ ನಡುವೆ ಗೆರೆ ಕೊರೆದಂತೆ ಕಂದು ಪಟ್ಟೆ ಬಂದರೆ ಅದು ಎಲೆಯೊಳಗಿನ ಜಂತುಹುಳುವಿನ ರೋಗ. ಹುಳು ದಪ್ಪ ನರ ದಾಟಲಾರದ್ದರಿಂದ ಪಟ್ಟೆ ನೇರವಾಗಿರುತ್ತದೆ. ಅಂಥ ಗಿಡದ ಬುಡ ಬಿಡಿಸಿ ಬೇರೆಡೆ ನೆಟ್ಟರೆ ರೋಗವನ್ನೂ ನೆಟ್ಟಂತೆ, ಬೇರುಸಮೇತ ತೆಗೆದುಹಾಕಬೇಕು.

ನೀಲಿ ಛಾಯೆಯ ಜಾತಿಗಳ ಬಗ್ಗೆ ‘ಬ್ಲೂಮ್’ ಎಂದು ಬಂದಿದ್ದರೆ ಹೂವು ಎಂದು ಮಾಡಿಬಿಡಬೇಡಿ. ಅದು ಎಲೆಯ ಮೇಲಿನ ಮೇಣದ ಪೊರೆ, ಬೂದುಗುಂಬಳದ ಮೇಲೆ ಕಾಣುವಂಥ ಬೂದಿ. ಹೆಬ್ಬೆರಳಿನಿಂದ ಉಜ್ಜಿದರೆ ನೀಲಿ ಹೋಗಿ ಹಸಿರು ಮೇಲೇಳುತ್ತದೆ, ಉಜ್ಜಿದ ಗುರುತು ಹಾಗೇ ಉಳಿಯುತ್ತದೆ. ಬಿಸಿಲು, ಮಳೆಗೆ ಈ ಬೂದಿ ಕರಗುವುದರಿಂದಲೇ ಬೇಸಿಗೆ ಕೊನೆಗೆ ನೀಲಿ ಹೋಸ್ಟ ಹಸಿರಾಗಿ ಕಾಣುವುದು.

‘ಡಿವೈಡ್’ಗೆ ವಿಭಜನೆ ಬೇಡ, ‘ಬುಡ ಬಿಡಿಸುವುದು’ ಎನ್ನಿ. ಒಂದೊಂದು ಮೊಳಕೆಗೆ ರಾಗಿಗೆ ಹೇಳುವ ‘ತೆಂಡೆ’ ಸಲ್ಲುತ್ತದೆ. ನೆಲ ಹೆಪ್ಪುಗಟ್ಟುವುದಕ್ಕೆ ನಾಲ್ಕರಿಂದ ಆರು ವಾರ ಮೊದಲೇ ಬಿಡಿಸಬೇಕು, ತುಂಡಿಗೆ ಎರಡು ಮೂರು ತೆಂಡೆ, ಜತೆಗೆ ಬೇರು. ಮೊದಲಿದ್ದಷ್ಟೇ ಆಳಕ್ಕೆ ನೆಡಬೇಕು. ತಡವಾದರೆ ಬೇರು ಹಿಡಿಯುವ ಮೊದಲೇ ನೆಲ ಹೆಪ್ಪುಗಟ್ಟಿ ಉಬ್ಬಿ ಗಿಡವನ್ನು ಮೇಲಕ್ಕೆತ್ತುತ್ತದೆ.

‘ಡೈ ಬ್ಯಾಕ್’ಗೆ ಹಿತ್ತಲ ಅರಿಶಿಣವನ್ನು ನೆನೆಯಿರಿ. ಎಲೆ ಒಣಗಿದ ಅರಿಶಿಣವನ್ನು ಯಾರೂ ಸತ್ತಿತು ಅನ್ನುವುದಿಲ್ಲ. ‘ಎಲೆ ಹಣ್ಣಾಗಿ ಇಳಿಯುತ್ತದೆ, ಬುಡ ನೆಲದೊಳಗೆ ಜೀವ ಹಿಡಿದಿರುತ್ತದೆ’ ಎಂದು ಬರೆಯಿರಿ. ಗಡ್ಡೆ ಎನ್ನಬೇಡಿ, ಹೋಸ್ಟಕ್ಕಿರುವುದು ಗಿಡ್ಡ ಬೇರುಕಾಂಡ.

ಮತ್ತೆ ಪ್ರಶ್ನೆ:

ತುಂಬಾ ಉಪಕಾರವಾಯಿತು ಸರ್. ಎರಡು ಉಳಿದಿವೆ. ‘ಗಿಡ ಮಲಗುತ್ತದೆ’ ಎಂದರೆ ‘ಡಾರ್ಮೆಂಟ್’ಗೆ ಆಗದೇ? ‘ಫ್ರಾಸ್ಟ್’ಗೆ ಮಂಜು ಸಾಕೇ?

ಉತ್ತರ:

‘ಮಲಗು’ ಸುಂದರವಾಗಿದೆ, ಆದರೆ ರೈತರ ಮಾತಿನಲ್ಲಿ ಅದಕ್ಕೆ ಆಗಲೇ ಬೇರೆ ಕೆಲಸವಿದೆ. ‘ಗಾಳಿಗೆ ರಾಗಿ ಮಲಗಿತು’ ಅಂದರೆ ಪೈರು ನೆಲಕ್ಕೆ ಬಿತ್ತು, ನಷ್ಟವಾಯಿತು ಎಂದು. ‘ನಿದ್ದೆಗೆ ಜಾರುತ್ತದೆ’ ಅಂದರೆ ಗೊಂದಲವಿಲ್ಲ. ಈ ನಿದ್ದೆಗೆ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ಹಲವು ವಾರ ಬೇಕು, ದಾವಣಗೆರೆಯ ಪುಷ್ಯಮಾಸದಲ್ಲೂ ಅಷ್ಟು ಚಳಿಯಿಲ್ಲ. ನಿದ್ದೆಗೆಟ್ಟ ಗಿಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಇದನ್ನು ಲೇಖನದ ಮೊದಲಲ್ಲೇ ಹೇಳಿ, ಓದಿದವರು ದುಡ್ಡು ಕೊಟ್ಟು ತರಿಸಿ ಮೋಸ ಹೋಗಬಾರದು. ಇಲ್ಲಿನ ಮರದಡಿಗೆ ಕೆಸು, ಕ್ಯಾಲಾಡಿಯಂ ಸಾಕು.

ಮಂಜು ಸಾಲದು. ನಮ್ಮ ಮಂಜು ಎಲೆಯನ್ನು ನೆನೆಸುತ್ತದೆ, ಕೊಲ್ಲುವುದಿಲ್ಲ. ‘ಹೆಪ್ಪುಗಟ್ಟಿದ ಇಬ್ಬನಿ’ ಎಂದು ಬಿಡಿಸಿಯೇ ಬರೆಯಿರಿ. ಆ ಚಳಿಗೆ ಎಲೆಯೊಳಗಿನ ನೀರೂ ಹೆಪ್ಪುಗಟ್ಟಿ ಕೋಶ ಒಡೆಯುತ್ತದೆ, ಬೆಳಗಾಗುವಷ್ಟರಲ್ಲಿ ಎಲೆ ಬೇಯಿಸಿದ ಸೊಪ್ಪಿನಂತೆ ಜೋಲುತ್ತದೆ. ಆಗ ಬುಡದಿಂದ 5 ಸೆಂಟಿಮೀಟರ್ ಬಿಟ್ಟು ಕೊಯ್ದು ದೂರ ಸಾಗಿಸಬೇಕು, ಇಲ್ಲದಿದ್ದರೆ ಆ ಕೊಳೆಯಡಿಯಲ್ಲಿ ಚಿಪ್ಪಿಲ್ಲದ ಬಸವನಹುಳು ಮೊಟ್ಟೆಯಿಡುತ್ತದೆ. ‘ಮಲ್ಚ್’ಗೆ ‘ಹೊದಿಕೆ’ ಸಾಕು: ನೆಲ ಹೆಪ್ಪುಗಟ್ಟಿದ ಮೇಲೆ ಐದಾರು ಸೆಂಟಿಮೀಟರ್ ತರಗೆಲೆ, ಬುಡದ ನೆತ್ತಿ ಮಾತ್ರ ತೆರೆದಿರಬೇಕು.