ಬೆಳ್ಳಿ ಜಿಯೋಲೈಟ್ ಅಯೋಡಿನ್ ಹಿಡಿಯುತ್ತೆ, ಕಾಯಿಸಿದರೆ ಬಿಟ್ಟುಬಿಡುತ್ತೆ: ಏನು ಮಾಡಲಿ?

ಹೇಮಾವತಿ_ಲ್ಯಾಬ್ (ಹಾಸನ):
ಪರಮಾಣು ಇಂಧನ ಮರುಸಂಸ್ಕರಣೆಯ ಅನಿಲದಿಂದ ಅಯೋಡಿನ್-129 (ಅಯೋಡಿನ್‌ನ ವಿಕಿರಣಶೀಲ ರೂಪ) ಹಿಡಿಯುವ ವಸ್ತುವಿನ ಬಗ್ಗೆ ಪ್ರಾಜೆಕ್ಟ್. ಬಳಸುತ್ತಿರುವುದು ವಿಕಿರಣವಿಲ್ಲದ ಮಾಮೂಲಿ ಅಯೋಡಿನ್ ಮಾತ್ರ. 13ಎಕ್ಸ್ ಜಿಯೋಲೈಟಿಗೆ (ಸೂಕ್ಷ್ಮ ರಂಧ್ರಗಳಿರುವ ಸಿಲಿಕಾನ್-ಅಲ್ಯೂಮಿನಿಯಂ ವಸ್ತು) ಸಿಲ್ವರ್ ನೈಟ್ರೇಟ್ ದ್ರಾವಣದಿಂದ 12% ಬೆಳ್ಳಿ ಸೇರಿಸಿದೆ. ಮುಚ್ಚಿದ ಬಾಟಲಿಯಲ್ಲಿ ಅಯೋಡಿನ್ ಜೊತೆ 75 ಡಿಗ್ರಿಗೆ 24 ಗಂಟೆ ಇಟ್ಟರೆ ಗ್ರಾಂಗೆ 260 ಮಿ.ಗ್ರಾಂ ತೂಕ ಏರುತ್ತೆ. 150 ಡಿಗ್ರಿಗೆ ಕಾಯಿಸಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿಬಿಡುತ್ತೆ. ತೊಳೆಯುವಾಗ ನೀರು ಹಾಲಿನ ಹಾಗೆ ಬೆಳ್ಳಗಾಗಿತ್ತು.

ಯಗಚಿ_ರಸಾಯನ (ಬೇಲೂರು):
ಮೊದಲು ಲೆಕ್ಕ ಹಾಕಿ. ಗ್ರಾಂಗೆ 120 ಮಿ.ಗ್ರಾಂ ಬೆಳ್ಳಿ ಅಂದರೆ 1.11 ಮಿಲಿಮೋಲ್. ಒಂದು ಬೆಳ್ಳಿ ಪರಮಾಣುವಿಗೆ ಒಂದು ಅಯೋಡಿನ್ ಪರಮಾಣು ಸಿಕ್ಕಿ ಸಿಲ್ವರ್ ಅಯೋಡೈಡ್ ಆದರೂ ಗರಿಷ್ಠ 141 ಮಿ.ಗ್ರಾಂ. ಮಿಕ್ಕಿದ್ದು ರಂಧ್ರದೊಳಗೆ ಸುಮ್ಮನೆ ಅಂಟಿಕೊಂಡ ಅಯೋಡಿನ್ ಮತ್ತು ತೇವಾಂಶ. ಮಳೆಗಾಲದಲ್ಲಿ ತೂಕ ಮಾಡುವಷ್ಟರಲ್ಲೇ 13ಎಕ್ಸ್ ನೀರು ಕುಡಿದಿರುತ್ತೆ. ಅದಕ್ಕೆ ಅಯೋಡಿನ್ ಇಲ್ಲದ ಒಂದು ಬಾಟಲಿಯನ್ನೂ ಪಕ್ಕದಲ್ಲೇ ಇಟ್ಟು, ಅದು ಏರಿದ ತೂಕವನ್ನು ಕಳೆಯಿರಿ.

ಆದರೆ ಕಾಯಿಸಿದ ಮೇಲೆ ಉಳಿದದ್ದು 130 ಮಿ.ಗ್ರಾಂಗೂ ಕಮ್ಮಿ. ಅಂದರೆ ಬೆಳ್ಳಿಯಲ್ಲಿ ಒಂದಷ್ಟು ಕೆಲಸಕ್ಕೆ ಬಾರದೆ ಹೋಗಿದೆ. ಆ ಹಾಲಿನ ಬಣ್ಣವೇ ಕಾರಣ ಹೇಳುತ್ತೆ. ಬೋರ್‌ವೆಲ್ ನೀರಲ್ಲಿ ತೊಳೆದಿರಾ? ಅದರ ಕ್ಲೋರೈಡ್ ಬೆಳ್ಳಿಯನ್ನು ಸಿಲ್ವರ್ ಕ್ಲೋರೈಡ್ ಮಾಡುತ್ತೆ, ಅದಕ್ಕೆ ಅಯೋಡಿನ್ ಹಿಡಿಯುವ ಶಕ್ತಿ ಇಲ್ಲ. ದ್ರಾವಣ ಮಾಡಲೂ ತೊಳೆಯಲೂ ಡಿಸ್ಟಿಲ್ಡ್ ವಾಟರೇ ಬೇಕು.

ಹೇಮಾವತಿ_ಲ್ಯಾಬ್:
ಹೌದು ಸರ್, ಕೊನೆಯ ಎರಡು ಸಲ ನಲ್ಲಿ ನೀರಲ್ಲೇ ತೊಳೆದದ್ದು. 13ಎಕ್ಸ್‌ನಲ್ಲೇ ಮತ್ತೆ ಮಾಡಲಾ?

ಯಗಚಿ_ರಸಾಯನ:
ಬೇಡ. ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುವಾಗ ಬರುವ ಅನಿಲದಲ್ಲಿ ನೈಟ್ರೋಜನ್ ಆಕ್ಸೈಡು, ನೀರಾವಿ, ಆಮ್ಲದ ಹಬೆ ಎಲ್ಲ ಇರುತ್ತೆ. 13ಎಕ್ಸ್‌ನಲ್ಲಿ ಅಲ್ಯೂಮಿನಿಯಂ ಜಾಸ್ತಿ, ಆಮ್ಲಕ್ಕೆ ಅದರ ಚೌಕಟ್ಟೇ ಕುಸಿಯುತ್ತೆ. ಇನ್ನೊಂದು ಜಿಯೋಲೈಟ್ ಆದ ಮೊರ್ಡನೈಟ್‌ನಲ್ಲಿ ಸಿಲಿಕಾನ್-ಅಲ್ಯೂಮಿನಿಯಂ ಅನುಪಾತ ಸುಮಾರು 5, ಅದು ತಡೆಯುತ್ತೆ. 5 ಗ್ರಾಂ ಸೋಡಿಯಂ ಮೊರ್ಡನೈಟಿಗೆ 1.7 ಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿದ 100 ಮಿ.ಲೀ. ನೀರು, ಕಂದು ಬಾಟಲಿ, 60 ಡಿಗ್ರಿ, ರಾತ್ರಿಯಿಡೀ ಅಲುಗಾಡಿಸಿ. ಒಣಗಿಸಿದ ಮೇಲೆ 4% ಹೈಡ್ರೋಜನ್ ಬೆರೆತ ಆರ್ಗಾನ್‌ನಲ್ಲಿ 270 ಡಿಗ್ರಿಗೆ ನಿಧಾನವಾಗಿ ಅಪಕರ್ಷಿಸಿ, ಅಂದರೆ ಬೆಳ್ಳಿ ಅಯಾನನ್ನು ಲೋಹದ ಬೆಳ್ಳಿ ಮಾಡಿ. ಅಯೋಡಿನ್ ಹರಿಸುವಾಗ 150 ಡಿಗ್ರಿ ಇರಲಿ, ಕೊಳವೆ ಪೂರ್ತಿ ಬಿಸಿಯಾಗಿರಲಿ. ತಣ್ಣಗಿದ್ದ ಕಡೆ ಅಯೋಡಿನ್ ಹರಳಾಗಿ ಕೂತು, ಮಾದರಿಯೇ ಹಿಡಿಯಿತು ಅನ್ನೋ ಭ್ರಮೆ ಹುಟ್ಟಿಸುತ್ತೆ. ಕೊನೆಗೆ ಅದೇ ಬಿಸಿಯಲ್ಲಿ ಒಣ ನೈಟ್ರೋಜನ್ ಹರಿಸಿ. ತೂಕ ನಿಂತ ಮೇಲೆ ಉಳಿದದ್ದೇ ನಿಜವಾದ ಅಂಕಿ.

ಮುಳ್ಳಯ್ಯನಗಿರಿ_ಕೆಮ್ (ಚಿಕ್ಕಮಗಳೂರು):
ಅರಸೀಕೆರೆ ಕಡೆ ತೆಂಗಿನ ಚಿಪ್ಪಿನ ಇದ್ದಿಲು ಅಗ್ಗವಾಗಿ ಸಿಗುತ್ತಲ್ಲ, ಅದಾಗಲ್ವಾ?

ಯಗಚಿ_ರಸಾಯನ:
ರಿಯಾಕ್ಟರ್ ಕಟ್ಟಡದ ಗಾಳಿ ಶೋಧಕಕ್ಕಾದರೆ ಆಗುತ್ತೆ. ಸಕ್ರಿಯಗೊಳಿಸಿ, ಪೊಟ್ಯಾಸಿಯಂ ಅಯೋಡೈಡ್ ಅಥವಾ ಟಿಇಡಿಎ (ಟ್ರೈಎಥಿಲೀನ್ ಡೈಅಮೈನ್ ಎಂಬ ಸಾವಯವ ರಾಸಾಯನಿಕ) ಲೇಪಿಸಿದ ಇದ್ದಿಲು ಅಲ್ಲಿ ಬಳಕೆಯಲ್ಲಿದೆ. ಅಲ್ಲಿನ ಮುಖ್ಯ ಚಿಂತೆ ಅಯೋಡಿನ್-131, ಅದರ ಅರ್ಧಾಯುಷ್ಯ 8 ದಿನ. ಸ್ವಲ್ಪ ಕಾಲ ಹಿಡಿದಿಟ್ಟರೆ ತಾನಾಗಿ ಕ್ಷಯಿಸಿ ಮುಗಿಯುತ್ತೆ. ಅಯೋಡಿನ್-129ರ ಅರ್ಧಾಯುಷ್ಯ 1.57 ಕೋಟಿ ವರ್ಷ, ಇದ್ದಿಲಿಗೆ ಅದು ಸಲ್ಲದು. ಜೊತೆಗೆ ನೈಟ್ರೋಜನ್ ಡೈಆಕ್ಸೈಡ್ ಇರುವ ಬಿಸಿ ಅನಿಲದಲ್ಲಿ ಇದ್ದಿಲು ಹೊತ್ತಿಕೊಳ್ಳುವ ಅಪಾಯ ನಿಜವಾದದ್ದು, ಅದನ್ನು ಪ್ರಯೋಗಕ್ಕೂ ಮಾಡಬೇಡಿ.

ಹೇಮಾವತಿ_ಲ್ಯಾಬ್:
ಕೆಲಸ ಮುಗಿದ ಬೆಳ್ಳಿ ದ್ರಾವಣ?

ಯಗಚಿ_ರಸಾಯನ:
ಅಮೋನಿಯಾ ಹತ್ತಿರವೂ ತರಬೇಡಿ, ಒಣಗಿದರೆ ಸಿಡಿಯುವ ಸಂಯುಕ್ತ ಆಗಬಹುದು. ಉಪ್ಪು ಹಾಕಿ ಸಿಲ್ವರ್ ಕ್ಲೋರೈಡ್ ಮಾಡಿ ಸೋಸಿ, ಬೇರೆ ಡಬ್ಬಿಯಲ್ಲಿ ಹೆಸರು ಬರೆದಿಡಿ.